ಬಿಸಿಯಾದಾಗ ಸ್ಟಾರ್ಟ್ ಆಗದ ಜಿಪ್ಸಿ: ಮೊದಲು ಪಂಪಿನ ಜಾಗ ಬದಲಿಸಿ

ನಿಮ್ಮ ಮಾರುತಿ ಜಿಪ್ಸಿ ಬಿಸಿಯಾದಾಗ ಸ್ಟಾರ್ಟ್ ಆಗದಿದ್ದರೆ ಅದು ಬಹುತೇಕ ವೇಪರ್ ಲಾಕ್, ಅಂದರೆ ಪೆಟ್ರೋಲ್ ಲೈನಿನಲ್ಲೇ ಆವಿಯಾಗಿ ಇಂಜಿನ್‌ಗೆ ಹರಿಯದೆ ನಿಲ್ಲುವುದು. ಕಾರ್ಬುರೇಟರ್ ಜಿಪ್ಸಿಗೆ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ ಕೂರಿಸಿ, ಟ್ಯಾಂಕಿನ ಹೊರಗೆ ಕೂರುವ ಪೆಟ್ರೋಲ್ ಪಂಪನ್ನು ಬಾನೆಟ್ ಒಳಗೇ ಇಟ್ಟಿದ್ದೀರಿ ಅಲ್ವಾ? ಈ ಪಂಪುಗಳು ಚೆನ್ನಾಗಿ ತಳ್ಳುತ್ತವೆ, ಎಳೆಯೋದು ಕಷ್ಟ, ಹಾಗಾಗಿ ಬಿಸಿಗೆ ಎಳೆಯುವ ಕಡೆಯ ಪೆಟ್ರೋಲ್ ಕುದ್ದು ಆವಿಯಾಗುತ್ತದೆ.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ, ಲೈನಿನ ಪ್ರೆಶರ್ ಇಳಿಸಿ. ಬಯಲಲ್ಲೇ ಕೆಲಸ ಮಾಡಿ. ಪಂಪನ್ನು ಟ್ಯಾಂಕ್ ಪಕ್ಕ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಆದರೆ ಕಲ್ಲು ತಾಗದಂತೆ ಷಾಸಿಯ ಒಳಮೈಗೆ ಕೂರಿಸಿ. ಅಲ್ಲಿಂದ ಸೈಲೆನ್ಸರ್ ಇಲ್ಲದ ಬದಿಯಲ್ಲಿ ಸ್ಟೀಲ್ ಪೈಪ್ ಎಳೆದು, ರಬ್ಬರ್ ಇರುವ ಕ್ಲಿಪ್ಪುಗಳಿಂದ ಬಿಗಿಯಿರಿ. ಷಾಸಿಯಿಂದ ಇಂಜಿನ್‌ಗೆ ಮಾತ್ರ ಹೋಸ್ ಸಾಕು, ಇಂಜಿನ್ ಅಲುಗಾಡುತ್ತದೆ, ಸ್ವಲ್ಪ ಸಡಿಲ ಬಿಡಿ. ಹಳೇ ಕಾರ್ಬುರೇಟರ್ ಹೋಸ್ ಬೇಡವೇ ಬೇಡ, ಇಲ್ಲಿ ಪ್ರೆಶರ್ ಸುಮಾರು 3 ಬಾರ್. ಮೈಮೇಲೆ 30R9 (ಇಂಜೆಕ್ಷನ್ ಹೋಸಿನ ಗುರುತು) ಅಂತ ಇರೋದನ್ನೇ ತನ್ನಿ. ಕ್ಲ್ಯಾಂಪೂ ಇಂಜೆಕ್ಷನ್ ಹೋಸಿನದೇ ಇರಲಿ, ಪಟ್ಟಿಯಲ್ಲಿ ಸೀಳುಗಳಿರುವ ಮಾಮೂಲಿ ಕ್ಲ್ಯಾಂಪ್ ರಬ್ಬರನ್ನು ಕೊಯ್ಯುತ್ತದೆ. ಉಳಿದ ಪೆಟ್ರೋಲ್ ವಾಪಸ್ ತರುವ ರಿಟರ್ನ್ ಲೈನೂ ಟ್ಯಾಂಕಿಗೇ ಹೋಗಬೇಕು.

ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡದೆ ಸುಮ್ನೆ ಇಗ್ನಿಷನ್ ಆನ್ ಮಾಡಿ ಪ್ರತಿ ಜಾಯಿಂಟನ್ನೂ ಸೋರುತ್ತಿದೆಯೇ ಅಂತ ಟಿಶ್ಯೂದಿಂದ ಒರೆಸಿ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಆಮೇಲೂ ಇದೇ ತೊಂದರೆ ಇದ್ದರೆ ಲೈನಿಗೆ ಪ್ರೆಶರ್ ಗೇಜ್ ಹಾಕಿ. ಆಫ್ ಮಾಡಿದ ತಕ್ಷಣ ಪ್ರೆಶರ್ ಬಿದ್ದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದೆ ಹರಿಯದಂತೆ ತಡೆಯುವುದು), ಪ್ರೆಶರ್ ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಕಾರಣ ಇರಬಹುದು.