ಹಳೇ ‘ಪ್ಲಾನ್-ವೀಕ್’ ಕಮಾಂಡನ್ನು ಹೊಸದಕ್ಕೆ ಅಲಿಯಾಸ್ ಮಾಡಿದರೆ ಸಾಕಾ?
ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಆಫೀಸು ದಾವಣಗೆರೆಯಲ್ಲಿ, ಇಬ್ಬರು ಚಿತ್ರದುರ್ಗದಿಂದ ಕೆಲಸ ಮಾಡ್ತಾರೆ, ಮೆಕ್ಕೆಜೋಳದ ವರ್ತಕರಿಗೆ ಲೆಕ್ಕದ ಸಾಫ್ಟ್‌ವೇರ್. ಕೆಲಸ ಹಂಚುವ ‘ಪ್ಲಾನ್-ವೀಕ್’ ಜಾಗಕ್ಕೆ ‘ಪ್ಲಾನ್-ಸ್ಪ್ರಿಂಟ್’ ಬಂದಿದೆ. ಹಳೆಯದನ್ನು ಹೊಸದಕ್ಕೆ ಅಲಿಯಾಸ್ ಮಾಡಿ, ಅಂದರೆ ಹಳೇ ಹೆಸರು ಕೊಟ್ಟರೂ ಹೊಸದೇ ಓಡುವಂತೆ ಮಾಡಿ, ಕೈತೊಳೆದುಕೊಳ್ಳಬಹುದಾ?

ಬೇಡ. ‘ಪ್ಲಾನ್-ವೀಕ್ 2’ ಅಂದರೆ 14 ದಿನ. ನಿಮ್ಮ ಸ್ಪ್ರಿಂಟ್, ಅಂದರೆ ಒಂದು ಸುತ್ತಿನ ಕೆಲಸದ ಅವಧಿ, ಎರಡು ವಾರದ್ದು. ಅದೇ 2 ಹೊಸ ಕಮಾಂಡಿಗೆ ಹೋದರೆ ಎರಡು ಸ್ಪ್ರಿಂಟ್, 28 ದಿನ. ಎರರ್ ಬರಲ್ಲ, ಬಿಡುಗಡೆ ದಿನಾಂಕ ಮಾತ್ರ ಎರಡು ವಾರ ಆಚೆ ಜಾರಿರುತ್ತೆ. ಕಮಾಂಡ್ ಕೆಟ್ಟು ನಿಂತರೆ ಯಾರಾದರೂ ಫೋನ್ ಮಾಡ್ತಾರೆ. ತಪ್ಪು ಉತ್ತರ ಕೊಟ್ಟರೆ ಯಾರೂ ಮಾಡಲ್ಲ.

ಮೊದಲು ಯಾರು ಕರೀತಿದ್ದಾರೆ ಅಂತ ಹುಡುಕಿ. ಪದ ಹುಡುಕುವ ಗಿಟ್ ಗ್ರೆಪ್‌ಗೆ ರೆಪೊ (ಕೋಡ್ ಸಂಗ್ರಹ) ಒಳಗಿರೋದು ಮಾತ್ರ ಸಿಗುತ್ತೆ. ಪ್ರತಿ ಯೂಸರ್‌ನ ಕ್ರಾನ್‌ಟ್ಯಾಬ್ (ಹೊತ್ತಿಗೆ ಸರಿಯಾಗಿ ತಾನೇ ಕಮಾಂಡ್ ಓಡಿಸುವ ಕ್ರಾನ್‌ನ ಪಟ್ಟಿ), ಸಿಐ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಸೆಟ್ಟಿಂಗ್, ಲ್ಯಾಪ್‌ಟಾಪ್‌ಗಳ ಬ್ಯಾಶ್‌ಆರ್‌ಸಿ (ಟರ್ಮಿನಲ್‌ನ ಸೆಟ್ಟಿಂಗ್ ಫೈಲ್) ಕೈಯಾರೆ ನೋಡಬೇಕು. ಜೊತೆಗೆ ಹಳೇ ಕಮಾಂಡಿನ ಮೊದಲ ಸಾಲಲ್ಲೇ ಒಂದು ಲಾಗ್ ಹಾಕಿ: ದಿನಾಂಕ, ಯೂಸರ್, ಪೇರೆಂಟ್ ಪ್ರೊಸೆಸ್ (ಇದನ್ನು ಕರೆದ ಪ್ರೋಗ್ರಾಂ) ಹೆಸರು. ಈ ಮೂರನೆಯದೇ ಮುಖ್ಯ. ಕರೆದದ್ದು ಮನುಷ್ಯನೋ ಕ್ರಾನೋ ಅನ್ನೋದಕ್ಕೆ ಅದರಿಂದಲೇ ಸುಳಿವು ಸಿಗೋದು. ತಿಂಗಳ ವರದಿ ಇದ್ದರೆ ಲಾಗ್ ಕನಿಷ್ಠ ಐದು ವಾರ ಓಡಲಿ.

ಹಳೇ ಕಮಾಂಡ್ ‘ನಾನು ಹೋಗ್ತಿದ್ದೀನಿ, ಹೊಸದು ಬಳಸಿ’ ಅಂತ ತೋರಿಸುವ ಎಚ್ಚರಿಕೆಯ ಸಾಲು ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ದೂರುಗಳಿಗೇ ಇರುವ ಬೇರೆ ದಾರಿಗೆ, ಹೋಗಬೇಕು. ಉತ್ತರ ಹೋಗುವ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹಾಕಿದರೆ ಕಮಾಂಡ್ ಬರೆಯುವ ಸಿಎಸ್‌ವಿ ಪಟ್ಟಿಯ ಮೊದಲ ಸಾಲಾಗಿ ಕೂತುಬಿಡುತ್ತೆ. ಎರಡನ್ನೂ ಒಂದೇ ಫೈಲಿಗೆ ತಿರುಗಿಸಿದ ಕ್ರಾನ್ ಸಾಲಿದ್ದರೆ ಅಲ್ಲಿ ಹೇಗೂ ಕೂರುತ್ತೆ, ಅದನ್ನು ಮೊದಲೇ ಸರಿಮಾಡಿ. ಪದ ಹುಡುಕುವ ಸಾಧನ ಗ್ನೂ ಗ್ರೆಪ್‌ನ 2022ರ 3.8 ಆವೃತ್ತಿ ಇದೇ ಥರ ತನ್ನ ಹಳೇ ‘ಇಗ್ರೆಪ್’ ಕಮಾಂಡ್ ಹಳತಾಯ್ತು ಅಂತ ಎಚ್ಚರಿಸೋಕೆ ಶುರುಮಾಡಿತು. ಎರರ್ ಕಡೆ ಒಂದಕ್ಷರ ಬಂದರೂ ಫೇಲ್ ಅಂತ ಬರೆದಿಟ್ಟ ಟೆಸ್ಟುಗಳು ಮುರಿದವು. ಆ ಸಣ್ಣ ಸಾಲೂ ಬದಲಾವಣೆಯೇ.

ಲಾಗ್‌ನಲ್ಲಿ ಹೊಸ ಸಾಲು ಬರೋದು ನಿಂತ ಮೇಲೂ ಹಳೇ ಕಮಾಂಡಿನ ಫೈಲ್ ಅಳಿಸಬೇಡಿ, ಬರೀ ಗೊಂಬೆ ಮಾಡಿ ನಿಲ್ಲಿಸಿ: ಏನೂ ಮಾಡದೆ, ‘ಪ್ಲಾನ್-ವೀಕ್ 2 ಬದಲು ಪ್ಲಾನ್-ಸ್ಪ್ರಿಂಟ್ 1 ಕೊಡಿ’ ಅಂತ ಲೆಕ್ಕ ಬದಲಿಸಿಯೇ ಹೇಳಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್‌ನಿಂದ, ಅಂದರೆ ‘ಸೋತೆ’ ಅನ್ನೋ ಸಂಕೇತ ಕೊಟ್ಟು, ಹೊರಬೀಳಲಿ. ‘ಪ್ಲಾನ್-ವೀಕ್ 3’ಕ್ಕೆ ಸರಿಸಮ ಇಲ್ಲ, ಅದನ್ನೂ ನೇರ ಹೇಳಲಿ. ಪೈಪ್‌ಲೈನ್ (ಒಂದರ ಉತ್ತರ ಮುಂದಿನದಕ್ಕೆ ಹೋಗುವ ಕಮಾಂಡ್ ಸಾಲು) ನಡುವೆ ಕರೆದಿದ್ದರೆ, ಕಮಾಂಡ್ ಓಡಿಸುವ ಬ್ಯಾಶ್ ಕೊನೆಯ ಕಮಾಂಡಿನ ಕೋಡನ್ನಷ್ಟೇ ನೋಡುತ್ತೆ, ನಡುವಿನ ಸೋಲನ್ನೂ ಎಣಿಸುವ ಪೈಪ್‌ಫೇಲ್ ಸೆಟ್ಟಿಂಗ್ ಹಾಕದಿದ್ದರೆ ಈ ಸೋಲು ನುಂಗಿಹೋಗುತ್ತೆ. ಇದನ್ನು ಸೋಮವಾರದ ಮೀಟಿಂಗ್ ಮುಗಿದ ಮೇಲೆ ಮಾಡಿ, ಕ್ರಾನ್ ಸಾಲನ್ನು ಆವತ್ತೇ ಕೈಯಿಂದ ಒಮ್ಮೆ ಓಡಿಸಿ. ಅಕ್ಟೋಬರ್-ನವೆಂಬರ್‌ನಲ್ಲಿ, ಮೆಕ್ಕೆಜೋಳ ಎಪಿಎಂಸಿಗೆ ಇಳಿಯುವಾಗ, ಈ ಕೆಲಸಕ್ಕೆ ಕೈಹಾಕಲೇಬೇಡಿ.

ಪೂರ್ತಿ ಅಳಿಸೋದು ಮುಂದಿನ ಮೇಜರ್ ವರ್ಷನ್‌ನಲ್ಲಿ. ಆಗ ಒಂದು ಕಿತಾಪತಿ ಆಗಬಹುದು: ಸಿಸ್ಟಮ್ ಫೋಲ್ಡರಿನ ಗೊಂಬೆ ಹೋದ ತಕ್ಷಣ, ಕಮಾಂಡ್ ಹುಡುಕುವ ಫೋಲ್ಡರುಗಳ ಸಾಲಿನಲ್ಲಿ ಅದರ ಹಿಂದಿರುವ ಯಾರದೋ ಹೋಮ್ ಫೋಲ್ಡರಿನಲ್ಲಿ ಮರೆತುಹೋದ ಹಳೇ ಪ್ರತಿ ಎದ್ದು ಓಡೋಕೆ ಶುರುಮಾಡುತ್ತೆ. ಚಿತ್ರದುರ್ಗದ ಎರಡು ಲ್ಯಾಪ್‌ಟಾಪಲ್ಲೂ ‘ಟೈಪ್ ಮೈನಸ್ ಎ ಪ್ಲಾನ್-ವೀಕ್’ ಕೊಟ್ಟರೆ ಎಷ್ಟು ಪ್ರತಿ ಇವೆ ಅಂತ ತೋರಿಸುತ್ತೆ.

ಕಮಾಂಡ್ ಹೋದರೂ ಅದು ಬರೆದಿಟ್ಟ ಹಳೇ ಪ್ಲಾನ್ ಫೈಲುಗಳನ್ನು ಓದುವ ಕೋಡ್ ಇರಲಿ. ಹೋದ ವರ್ಷದ ಸುಗ್ಗಿಗೆ ಎಷ್ಟು ಕೆಲಸ ಹಿಡಿಯಿತು ಅನ್ನೋದು ಆ ಫೈಲುಗಳಲ್ಲೇ ಇರೋದು.