ಬ್ಯಾರನ್ ಬಿರುದು, ಹರಾಜಿನ ಸುತ್ತಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಹರಾಜುಗಾರ, ಕಲಾ ವ್ಯಾಪಾರಿ ಸೈಮನ್ ದ ಪ್ಯೂರಿ ಅವರನ್ನು ಕೆಲವು ಕಡೆ ‘ಬ್ಯಾರನ್’ ಎಂದು ಬರೆಯುತ್ತಾರೆ. ರಾಜರೇ ಇಲ್ಲದ ದೇಶಗಳಲ್ಲಿ ಇಂಥ ಬಿರುದಿಗೆ ಕಾನೂನಿನ ಮಾನ್ಯತೆ ಇದೆಯೇ?

ಉತ್ತರ: ಬಹುಪಾಲು ಕಡೆ ಇಲ್ಲ. ಜರ್ಮನಿಯಲ್ಲಿ 1919ರ ವೈಮಾರ್ ಸಂವಿಧಾನ ಬಿರುದನ್ನು ಬರೀ ಹೆಸರಿನ ಭಾಗವಾಗಿಸಿತು. ಅದೇ ವರ್ಷ ಆಸ್ಟ್ರಿಯಾ ಒಂದು ಹೆಜ್ಜೆ ಮುಂದೆ ಹೋಗಿ ಕುಲೀನತೆಯ ಗುರುತಾಗಿ ಹೆಸರಿನೊಳಗಿದ್ದ ‘ಫಾನ್’ ಎಂಬ ಪದವನ್ನೂ ಕಿತ್ತುಹಾಕಿತು. ಇಟಲಿಯ 1948ರ ಸಂವಿಧಾನವೂ ಬಿರುದುಗಳನ್ನು ಮಾನ್ಯ ಮಾಡುವುದಿಲ್ಲ. ಬ್ರಿಟನ್, ಸ್ಪೇನ್, ಬೆಲ್ಜಿಯಂನಂಥ ಅರಸೊತ್ತಿಗೆಗಳಲ್ಲಿ ಈಗಲೂ ಅವು ಊರ್ಜಿತ. ಚಿತ್ರಗಳ ವ್ಯಾಪಾರದಲ್ಲಿ ಬಿರುದಿನಿಂದ ಆಗುವ ಉಪಯೋಗವೇ ಬೇರೆ. ಯಾವ ಕೋಟೆಯ ಯಾವ ಗೋಡೆಯ ಮೇಲೆ ಏನು ತೂಗುತ್ತಿದೆ ಎಂಬುದು ಇಂಥ ಮನೆತನದವರಿಗೆ ಚಿಕ್ಕಂದಿನಿಂದ ಗೊತ್ತಿರುತ್ತದೆ. ಮಾರುವ ಹೊತ್ತು ಬಂದಾಗ ಆ ಮನೆಯವರು ಮೊದಲು ಕರೆಯುವುದೂ ತಮ್ಮವರನ್ನೇ.

ಪ್ರಶ್ನೆ: ಇಂಥ ಕಲಾ ವ್ಯಾಪಾರಿಗಳ ಫೋಟೋಗಳೆಲ್ಲ ಔತಣಕೂಟ, ಉದ್ಘಾಟನೆಗಳದ್ದೇ. ಕೆಲಸ ಮಾಡುವುದು ಯಾವಾಗ?

ಉತ್ತರ: ಔತಣಕೂಟದಲ್ಲೇ. ದೊಡ್ಡ ಚಿತ್ರಗಳು ಮಾರುಕಟ್ಟೆಗೆ ಬರಲು ಕಾರಣ ಮೂರು ಎಂದು ಈ ವ್ಯಾಪಾರದವರು ಹೇಳುತ್ತಾರೆ: ಸಾವು, ಸಾಲ, ವಿಚ್ಛೇದನ. ಮೂರರ ಸುದ್ದಿಯೂ ಪತ್ರಿಕೆಗಿಂತ ಮೊದಲು ಊಟದ ಮೇಜಿಗೆ ಬರುತ್ತದೆ. ಅದಕ್ಕೇ ಮಾರ್ಚ್‌ನಲ್ಲಿ ಮಾಸ್ಟ್ರಿಕ್ಟ್‌ನ ಟೆಫಾಫ್ ಕಲಾ ಮೇಳ, ಜೂನ್‌ನಲ್ಲಿ ಬಾಸೆಲ್ ಮೇಳ, ಅಕ್ಟೋಬರ್‌ನಲ್ಲಿ ಲಂಡನ್ನಿನ ಫ್ರೀಜ್ ಮೇಳ, ಎರಡು ವರ್ಷಕ್ಕೊಮ್ಮೆ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನ ಎಂದು ಇವರು ವರ್ಷವಿಡೀ ಸುತ್ತುತ್ತಾರೆ.

ಸಾವು, ಸಾಲ ಎರಡೂ ಸೇರಿದ ಒಂದು ಉದಾಹರಣೆ ನೋಡಿ. 1990ರಲ್ಲಿ ಜರ್ಮನಿಯ ಪ್ರಿನ್ಸ್ ಯೊಹಾನೆಸ್ ಫಾನ್ ಟೂರ್ನ್ ಉಂಟ್ ಟಾಕ್ಸಿಸ್ ತೀರಿಕೊಂಡಾಗ ಪತ್ನಿ ಗ್ಲೋರಿಯಾಗೆ 30 ವರ್ಷ. ಮಡಿಲಿಗೆ ಬಿದ್ದದ್ದು ರೇಗೆನ್ಸ್‌ಬುರ್ಗ್‌ನ ಅರಮನೆ, ಜೊತೆಗೆ ದೊಡ್ಡ ಸಾಲ ಮತ್ತು ವಾರಸಾ ತೆರಿಗೆ. ಅವರು ಮೊದಲು, 1992ರಲ್ಲಿ, ಜಿನೀವಾದಲ್ಲಿ ಒಡವೆಗಳನ್ನು ಮಾರಿದರು. 1993ರಲ್ಲಿ ಸೋದಬೀಸ್ ಹರಾಜು ಸಂಸ್ಥೆ ಅರಮನೆಯ ಆವರಣದಲ್ಲೇ ಒಂಬತ್ತು ದಿನ ಹರಾಜು ನಡೆಸಿತು. ಅತ್ಯುತ್ತಮ ವಸ್ತುಗಳಲ್ಲಿ ಕೆಲವನ್ನು ಬವೇರಿಯಾ ಸರ್ಕಾರ ತೆರಿಗೆಯ ಬದಲಿಗೆ ಪಡೆದು ಅದೇ ಊರಿನ ಮ್ಯೂಸಿಯಂನಲ್ಲಿ ಇಟ್ಟಿತು. ಸಾಮಾನು ಲಂಡನ್ನಿಗೆ ಸಾಗಿಸದೆ ಮನೆಯಲ್ಲೇ ಹರಾಜು ಹಾಕುವುದಕ್ಕೆ ಕಾರಣವಿದೆ. ಕೊಳ್ಳುವವರು ವಸ್ತುವಿನ ಜೊತೆಗೆ ವಿಳಾಸಕ್ಕೂ ದುಡ್ಡು ಕೊಡುತ್ತಾರೆ. ಬೇರೆಡೆ ಯಾರೂ ತಿರುಗಿ ನೋಡದ ತಟ್ಟೆ ಬಟ್ಟಲೂ ಅಲ್ಲಿ ಖರ್ಚಾಗುತ್ತವೆ.

ಜಿನೀವಾದಲ್ಲಿ ಮಾರಾಟವಾದ ಒಡವೆಗಳಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿಯ ಕಿರೀಟವೂ ಇತ್ತು: 212 ಮುತ್ತು, ಸುಮಾರು 2,000 ವಜ್ರ. 1980ರಲ್ಲಿ ಗ್ಲೋರಿಯಾ ಮದುವೆಯಲ್ಲಿ ಮುಡಿದದ್ದು ಅದನ್ನೇ. ಲೂವ್ರ್ ಮ್ಯೂಸಿಯಂನ ಗೆಳೆಯರ ಸಂಘ ಅದನ್ನು ಕೊಂಡು ಪ್ಯಾರಿಸ್‌ಗೆ ತಂದಿತು. 2025ರ ಅಕ್ಟೋಬರ್ 19ರ ಕಳ್ಳತನದಲ್ಲಿ ಹೋದ ಒಡವೆಗಳಲ್ಲಿ ಅದೂ ಒಂದು ಎನ್ನುವುದು ಸಂಕಟದ ಸಂಗತಿ.

ಪ್ರಶ್ನೆ: ಮಧ್ಯವರ್ತಿಗೆ ಸಿಗುವ ಕಮಿಷನ್ ಎಷ್ಟು? ಬರಹದಲ್ಲಿ ಒಪ್ಪಂದ ಇರುತ್ತದೆಯೇ?

ಉತ್ತರ: ನಿಗದಿಯಾದ ದರವಿಲ್ಲ, ಬೆಲೆ ಏರಿದಂತೆ ಶೇಕಡಾವಾರು ಇಳಿಯುತ್ತದೆ. ಒಪ್ಪಂದದ ವಿಷಯಕ್ಕೆ ದ ಪ್ಯೂರಿ ಅವರ ಪ್ರಕರಣವನ್ನೇ ನೋಡಿ. ಫ್ರೆಂಚ್ ಚಿತ್ರಕಾರ ಪಾಲ್ ಗೊಗ್ಯಾಂ 1892ರಲ್ಲಿ ಬರೆದ ‘ನಿನ್ನ ಮದುವೆ ಯಾವಾಗ?’ ಚಿತ್ರವನ್ನು ಬಾಸೆಲ್‌ನ ಒಂದು ಕುಟುಂಬದ ಟ್ರಸ್ಟ್ 2014ರಲ್ಲಿ ಮಾರಿತು. ಪತ್ರಿಕೆಗಳು 30 ಕೋಟಿ ಡಾಲರ್ ಎಂದು ಬರೆದವು. ನಿಜವಾದ ಬೆಲೆ 21 ಕೋಟಿ ಎಂದು ಹೊರಬಿದ್ದದ್ದು ಕೋರ್ಟಿನಲ್ಲಿ. ದ ಪ್ಯೂರಿ ಕೇಳಿದ ಕಮಿಷನ್ 1 ಕೋಟಿ ಡಾಲರ್, ಅಂದರೆ ಶೇಕಡಾ 5ಕ್ಕೂ ತುಸು ಕಡಿಮೆ. ಒಪ್ಪಂದ ಬಾಯಿಮಾತಿನದ್ದು. ಹಿಂದೆ ಬಂದಿದ್ದ ಹೆಚ್ಚಿನ ಬೆಲೆಯ ವಿಚಾರದಲ್ಲಿ ದ ಪ್ಯೂರಿ ತಮಗೆ ಸರಿಯಾದ ಮಾಹಿತಿ ಕೊಡಲಿಲ್ಲ ಎಂದು ಮಾರಿದವರು ಹಣ ತಡೆಹಿಡಿದರು. 2018ರ ಜನವರಿಯಲ್ಲಿ ಲಂಡನ್ ಹೈಕೋರ್ಟ್ ದ ಪ್ಯೂರಿ ಪರ ತೀರ್ಪು ಕೊಟ್ಟಿತು. ಮೂರು ಸಾಲಿನ ಕಾಗದವೊಂದಿದ್ದರೆ ಇಷ್ಟು ವರ್ಷ ಎಳೆದಾಡಬೇಕಿರಲಿಲ್ಲ: ಯಾರ ಪರ ಕೆಲಸ, ಕಮಿಷನ್ ಎಷ್ಟು, ಬೆಲೆ ಇಳಿದರೆ ಏನು.

ಹರಾಜಿನಲ್ಲಿ ಅಪಾಯ ಇನ್ನೊಂದು ಬಗೆಯದು. ಮಾರುವವರಿಗೆ ‘ಇಷ್ಟು ಹಣ ಖಂಡಿತ’ ಎಂದು ಹರಾಜು ಸಂಸ್ಥೆ ಮೊದಲೇ ಗ್ಯಾರಂಟಿ ಕೊಡುವುದುಂಟು. ಆ ಮೊತ್ತಕ್ಕಿಂತ ಕಡಿಮೆಗೆ ಸುತ್ತಿಗೆ ಬಿದ್ದರೆ ವ್ಯತ್ಯಾಸ ಸಂಸ್ಥೆಯ ಕಿಸೆಯಿಂದಲೇ ಹೋಗಬೇಕು. 2001ರ ಹೊತ್ತಿಗೆ ದ ಪ್ಯೂರಿ ಸೇರಿದ್ದ ಫಿಲಿಪ್ಸ್ ಸಂಸ್ಥೆಗೆ ಭಾರಿ ಪೆಟ್ಟು ಬಿದ್ದದ್ದು ಹೀಗೆ.

ಪ್ರಶ್ನೆ: ‘ಹಳೆಯ ಮನೆತನದ ಸಂಗ್ರಹದಿಂದ’ ಎಂದು ಕ್ಯಾಟಲಾಗ್‌ನಲ್ಲಿ ಬರೆದಿದ್ದರೆ ನಂಬಬಹುದೇ?

ಉತ್ತರ: ಚಿತ್ರವನ್ನು ತಿರುಗಿಸಿ ಹಿಂಬದಿ ನೋಡದೆ ನಂಬಬೇಡಿ. ಚೌಕಟ್ಟಿನ ಮರದ ಮೇಲೆ ಅರಗಿನ ಮುದ್ರೆ, ಸೀಮೆಸುಣ್ಣದಲ್ಲಿ ಬರೆದ ಪಟ್ಟಿ ಸಂಖ್ಯೆ, ಗ್ಯಾಲರಿ ಚೀಟಿ, ಮೊಳೆಯ ಸುತ್ತ ತುಕ್ಕಿನ ಕಲೆ ಕಾಣಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯೊಲೆಟ್ ದೀಪ ಹಿಡಿಯಿರಿ: ಹಳೆಯ ವಾರ್ನಿಶ್ ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಇತ್ತೀಚೆಗೆ ತುಂಬಿದ ಬಣ್ಣ ಕಪ್ಪು ಮಚ್ಚೆಯಾಗಿ ಉಳಿಯುತ್ತದೆ. ಒಡೆತನದ ಪಟ್ಟಿಯಲ್ಲಿ 1933ರಿಂದ 1945ರವರೆಗೆ ಖಾಲಿ ಬಿಟ್ಟಿದ್ದರೆ ಅಲ್ಲೇ ನಿಲ್ಲಿ. ನಾಜಿಗಳು ಕಿತ್ತುಕೊಂಡ ಚಿತ್ರಗಳ ಬಗ್ಗೆ 1998ರಲ್ಲಿ ವಾಷಿಂಗ್ಟನ್‌ನಲ್ಲಿ 44 ದೇಶಗಳು ತತ್ವಗಳನ್ನು ಒಪ್ಪಿಕೊಂಡ ಮೇಲೆ ಇಂಥ ಚಿತ್ರವನ್ನು ಮತ್ತೆ ಮಾರುವುದೇ ಕಷ್ಟ.

ಚೀಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಚಿತ್ರಗಳನ್ನು ನಕಲಿ ಮಾಡುವುದರ ಜೊತೆಗೆ ‘ಯೇಗರ್ಸ್ ಸಂಗ್ರಹ’ ಎಂಬ ಇಲ್ಲದ ಸಂಗ್ರಹವನ್ನೂ ಹುಟ್ಟುಹಾಕಿದ; ಹಿಂಬದಿಗೆ ಹೆಸರಾಂತ ವ್ಯಾಪಾರಿ ಫ್ಲೆಖ್ಟ್‌ಹೈಮ್‌ನ ನಕಲಿ ಚೀಟಿ ಅಂಟಿಸಿದ. ಜರ್ಮನ್ ಚಿತ್ರಕಾರ ಕಾಂಪೆನ್‌ಡಾಂಕ್ 1914ರಲ್ಲಿ ಬರೆದದ್ದೆಂದು ಹೇಳಿದ ಚಿತ್ರವೊಂದು 2006ರಲ್ಲಿ 28.8 ಲಕ್ಷ ಯೂರೋಗೆ ಹೋಯಿತು. ಪ್ರಯೋಗಾಲಯದಲ್ಲಿ ಅದರ ಬಣ್ಣದೊಳಗೆ ಟೈಟೇನಿಯಂ ಬಿಳಿ ಸಿಕ್ಕಿತು. ಚಿತ್ರಕಾರರ ಕೈಗೆ ಆ ಬಿಳಿ ಬಂದದ್ದೇ 1920ರ ದಶಕದಲ್ಲಿ. 2011ರಲ್ಲಿ ಅವನಿಗೆ ಆರು ವರ್ಷ ಜೈಲಾಯಿತು.