ಹೊಳೆಬಾಗಿಲು ಎಷ್ಟಿದ್ದರೇನು?

ಓದುಗರ ಪತ್ರ: ಸಂಪಾದಕರೇ, ನಮ್ಮ ಊರು ಹೊಳೆಬಾಗಿಲು. ಇದೇ ಹೆಸರಿನ ಊರುಗಳು ಜಿಲ್ಲೆಯಲ್ಲಿ ಇನ್ನೂ ನಾಲ್ಕಿವೆ. ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯವರಿಗೆ ಹಾವು ಕಚ್ಚಿದಾಗ ಕರೆಸಿದ ಆಂಬುಲೆನ್ಸ್ ಬೇರೆ ತಾಲ್ಲೂಕಿನ ಅದೇ ಹೆಸರಿನ ಊರಿಗೆ ಹೋಗಿ ನಿಂತಿತ್ತು. ದೇವರ ದಯೆ, ಜೀವ ಉಳಿಯಿತು. ನನ್ನ ಹೆಸರಿನವರೂ ಊರಿನಲ್ಲಿ ಮೂವರಿದ್ದೇವೆ. ಸಾಲ ಮಾಡಿದವನು ಒಬ್ಬ, ನೋಟಿಸ್ ಬಂದದ್ದು ನನಗೆ. ಈಗ ಹೊಳೆಗೆ ಸೇತುವೆಯಾಗಿದೆ, ದಾಟಲು ಲಾಂಚ್ ಕಾಯುವ ಕಾಲ ಹೋಯಿತು. ಹೊಳೆಬಾಗಿಲು ಎಂಬ ಹೆಸರಿಗೆ ಇನ್ನೇನು ಅರ್ಥ? ಒಂದು ಹೆಸರಿಗೆ ಒಂದೇ ಊರು ಎಂದು ಸರ್ಕಾರ ಕಾನೂನು ಮಾಡಿ, ಉಳಿದ ಊರುಗಳಿಗೆ ಮಹನೀಯರ ಹೆಸರಿಡಬೇಕು. ನಿಮ್ಮ ಪತ್ರಿಕೆ ದನಿ ಎತ್ತಬೇಕು. — ಸಾಗರ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಹೆಸರನ್ನು ಅಚ್ಚು ಮಾಡಬಾರದೆಂದು ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೀರಿ. ಮಾಡಿದ್ದರೂ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ನಿಮ್ಮ ಸೀಮೆಯ ಸಂತೆಯಲ್ಲಿ ಆ ಹೆಸರನ್ನು ಒಮ್ಮೆ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ನೀವು ಕಾಟ ಎಂದು ಬಗೆದದ್ದೇ ಇಲ್ಲಿ ನಿಮಗೆ ಕಂಬಳಿಕೊಪ್ಪೆಯಾಗಿದೆ.

ಆಂಬುಲೆನ್ಸಿನ ವಿಷಯದಲ್ಲಿ ನಾನು ವಾದಕ್ಕೆ ನಿಲ್ಲುವುದಿಲ್ಲ. ಅದು ಆಗಬಾರದಿತ್ತು. ಕರೆ ಬಂದಾಗ ಊರಿನ ಜೊತೆಗೆ ಹೋಬಳಿಯ ಹೆಸರನ್ನೂ ಕೇಳುವ ಅಭ್ಯಾಸ ಬೇಕು. ಸಾಗರ ತಾಲ್ಲೂಕಿನಲ್ಲಿ ಕಸಬಾ, ಆವಿನಹಳ್ಳಿ, ಕರೂರು, ಬಾರಂಗಿ, ತಾಳಗುಪ್ಪ, ಆನಂದಪುರ ಎಂದು ಆರೇ ಹೋಬಳಿ, ಕೇಳಲು ಅರ್ಧ ನಿಮಿಷ ಸಾಕು. ಸಾಲದ ನೋಟಿಸಿಗೂ ಇದೇ ಮದ್ದು: ಅಪ್ಪನ ಹೆಸರು, ಮನೆಯ ಹೆಸರು. ಇಷ್ಟಕ್ಕೆ ನಿಮ್ಮ ಮಾತು ಒಪ್ಪಿದೆ. ಇನ್ನು ಮುಂದಿನದು ನನ್ನ ಸರದಿ.

ಹೊಳೆಬಾಗಿಲು ಎಂದರೆ ಹೊಳೆಗೆ ಇಳಿಯುವ ಬಾಗಿಲು. ಮನೆಗೆ ಇದ್ದಂತೆ ಹೊಳೆಗೂ ಒಂದು ಬಾಗಿಲಿದೆ, ಅಲ್ಲಿ ನಿಂತು ಕೂಗು ಹಾಕಿದರೆ ಆಚೆ ದಡದಿಂದ ದೋಣಿ ಹೊರಡುತ್ತದೆ ಎಂದು ಕಂಡು ಹೆಸರಿಟ್ಟವನು ಪಂಪನ ಊರಿನವನಲ್ಲದಿದ್ದರೂ ಪಂಪನ ನೆಂಟನಂತೂ ಹೌದು. ಘಟ್ಟದ ಕೆಳಗೆ ಇಂಥ ಜಾಗಕ್ಕೆ ತಾರಿಬಾಗಿಲು ಎನ್ನುತ್ತಾರೆ, ಇನ್ನಷ್ಟು ತೆಂಕಕ್ಕೆ ಹೋದರೆ ಕಡವು. ಹೊಳೆ ಇದ್ದಲ್ಲೆಲ್ಲ ದಾಟುವವರು ಇದ್ದರು, ದಾಟುವವರು ಇದ್ದಲ್ಲೆಲ್ಲ ಬಾಗಿಲು ಇತ್ತು. ಆ ಹೆಸರು ಒಂದೇ ಕಡೆ ಇದ್ದಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ನಿಮ್ಮ ಲಾಂಚನ್ನೇ ತೆಗೆದುಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡ ಮೇಲೆ ಕರೂರು ಸೀಮೆಯವರಿಗೆ ಸಾಗರದ ಪೇಟೆ ನೀರಿನಾಚೆಗೆ ಹೋಯಿತು. ಈಚೆ ದಡ ಅಂಬಾರಗೋಡ್ಲು, ಆಚೆ ದಡ ಕಳಸವಳ್ಳಿ. ಲಾಂಚ್ ಓಡಿದ್ದು ಈ ಎರಡರ ನಡುವೆ. ಆದರೆ ಊರವರೆಲ್ಲ ಅದನ್ನು ಕರೆದದ್ದು ಸಿಗಂದೂರು ಲಾಂಚ್ ಎಂದು. ಸಿಗಂದೂರಿನ ದಡಕ್ಕೆ ಅದು ಯಾವತ್ತೂ ತಾಗಿದ್ದಿಲ್ಲ. ಸಿಗಂದೂರಿನ ಚೌಡೇಶ್ವರಿಯ ಗುಡಿಗೆ ಕಳಸವಳ್ಳಿಯಲ್ಲಿ ಇಳಿದು ಮತ್ತೆ ರಸ್ತೆ ಹಿಡಿಯಬೇಕಿತ್ತು. 2025ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಕಡತದಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಎಂದೇ ಬರೆದರೂ ಜನರ ಬಾಯಲ್ಲಿ ಅದು ಮೊದಲ ದಿನದಿಂದಲೇ ಸಿಗಂದೂರು ಸೇತುವೆ. ಲಾಂಚಿನ ಹೆಸರು ಸೇತುವೆಗೆ ದಾಟಿತು, ಟಿಕೆಟ್ಟಿಲ್ಲದೆ. ಬೇಸಿಗೆಯಲ್ಲಿ ನೀರು ಇಳಿದು ವಾಹನ ಹತ್ತಿಸುವುದಿಲ್ಲ ಎಂದಾಗ ದಡದಲ್ಲಿ ಕಾರು ಬಿಟ್ಟು, ಚೀಲ ಹೊತ್ತು, ಕಾಲ ಕೆಳಗಿನ ಒಣ ಕೆಸರು ನೋಡುತ್ತ ಇಳಿದವರಿಗೆ ಸೇತುವೆ ಎಷ್ಟು ದೊಡ್ಡದು ಎಂದು ನನಗೂ ಗೊತ್ತು. ಬಸುರಿಯರನ್ನು ರಾತ್ರಿ ದಾಟಿಸಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಸೇತುವೆಗೆ ನನ್ನ ತಕರಾರಿಲ್ಲ. ಸೇತುವೆ ಬಂತೆಂದು ಬಾಗಿಲಿನ ಹೆಸರು ಕಿತ್ತುಹಾಕಿ ಎನ್ನುತ್ತೀರಲ್ಲ, ತಕರಾರು ಅದಕ್ಕೆ. ಎಮ್ಮೆ ಕಟ್ಟುವುದನ್ನು ಬಿಟ್ಟು ಇಪ್ಪತ್ತು ವರ್ಷವಾದರೂ ನಮ್ಮ ಮನೆಯಲ್ಲಿ ಕೊಟ್ಟಿಗೆಗೆ ಕೊಟ್ಟಿಗೆ ಎಂದೇ ಹೇಳುತ್ತೇವೆ. ಈಗ ಅಲ್ಲಿ ನಿಂತಿರುವುದು ಸ್ಕೂಟರು.

ಹೆಸರುಗಳು ಅಷ್ಟು ಸುಲಭಕ್ಕೆ ಮುಳುಗುವುದಿಲ್ಲ ಎಂಬುದು ನಿಮ್ಮ ತಾಲ್ಲೂಕಿನವರಿಗೆ ನಾನು ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಲಿಂಗನಮಕ್ಕಿಗೆ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ಬರಗಾಲದ ಬೇಸಿಗೆಯಲ್ಲಿ ಅದು ಮೇಲೆದ್ದಾಗ ಜನ ಹೆಸರು ಹಿಡಿದೇ ನೋಡಲು ಹೋಗುತ್ತಾರೆ. ನನ್ನ ಸೋದರಮಾವನ ಮನೆ ಮುಳುಗಡೆಯಾದದ್ದು. ಶಿವಮೊಗ್ಗದ ಕಡೆ ಜಮೀನು ಸಿಕ್ಕಿ ಬಂದು ಕೂತ ಮೇಲೂ ತಾವು ಯಾವ ಊರಿನವರೆಂದು ಕೇಳಿದರೆ ನೀರಿನಡಿಯ ಊರಿನ ಹೆಸರನ್ನೇ ಹೇಳುತ್ತಿದ್ದರು. ಹೊಸ ಕೇರಿಗೂ ಅದೇ ಹೆಸರು ಹಚ್ಚಿದರು. ನಿಮ್ಮ ಕಾನೂನು ಜಾರಿಯಾದರೆ ಯಾವುದನ್ನು ನಕಲು ಎಂದು ಹೊಡೆದುಹಾಕುವುದು, ನೀರಿನಡಿಯದನ್ನೋ ಮೇಲಿನದನ್ನೋ?

ಇನ್ನು ಮನುಷ್ಯರ ಹೆಸರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಹಾಗಾಗಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರಳಿ ಬರುತ್ತದೆ. ಅಜ್ಜನಿಗೆ ಆರು ಮಕ್ಕಳಿದ್ದರೆ ಮೊಮ್ಮಕ್ಕಳಲ್ಲಿ ಆರು ಗಣಪತಿಗಳು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲವಾದ್ದರಿಂದ ನನ್ನ ಅಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅಪ್ಪಿ ಎನ್ನುತ್ತಿದ್ದಳು. ಶಾಲೆಗೆ ಸೇರಿದ ಮೊದಲ ದಿನ ಮೇಷ್ಟ್ರು ಹಾಜರಿ ಕೂಗಿದಾಗ ನಾನು ಸುಮ್ಮನೆ ಕೂತಿದ್ದೆ. ಅದು ಅಜ್ಜನ ಹೆಸರು, ಅವರು ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೆಳಗಿನಮನೆ, ಮೇಲಿನಮನೆ, ಗುಡ್ಡೆಮನೆ, ತೋಟದಮನೆ ಎಂದು ಮುಂದೆ ಒಂದು ಗುರುತು ಸೇರಿಸಿ ಮಲೆನಾಡು ನೂರಾರು ವರ್ಷ ಸಂಸಾರ ಮಾಡಿದೆ. ನೋಟಿಸು ಯಾರಿಗೆ ಎಂದು ಹಳೆಯ ಪೋಸ್ಟ್‌ಮ್ಯಾನ್‌ಗೆ ಲಕೋಟೆಯ ದಪ್ಪ ನೋಡಿಯೇ ಗೊತ್ತಾಗುತ್ತಿತ್ತು.

ಇದು ಹಳ್ಳಿಯವರ ಹಳೆಯ ಹಟ ಎಂದು ತಿಳಿಯಬೇಡಿ. ನೌಕಾಪಡೆಯೂ ಹೀಗೆಯೇ ನಡೆದುಕೊಳ್ಳುತ್ತದೆ. 1957ರಲ್ಲಿ ಭಾರತಕ್ಕೆ ಬಂದ ಯುದ್ಧನೌಕೆಗೆ ಐಎನ್‌ಎಸ್ ಮೈಸೂರು ಎಂದು ಹೆಸರಿಟ್ಟರು. ಅದಕ್ಕೆ ಮೊದಲು ಬ್ರಿಟಿಷರ ಬಳಿ ಇದ್ದಾಗ ಅದು ನೈಜೀರಿಯಾ ಆಗಿತ್ತು. ಸಮುದ್ರವನ್ನೇ ಕಾಣದ ಮೈಸೂರು ಹೀಗೆ ಅಲೆಗಳ ಮೇಲೆ ತೇಲಿತು. 1985ರಲ್ಲಿ ಆ ನೌಕೆ ನಿವೃತ್ತವಾಯಿತು, 1999ರಲ್ಲಿ ಹೊಸ ನೌಕೆಯೊಂದಕ್ಕೆ ಅದೇ ಹೆಸರು ಬಂತು. ಅಜ್ಜನ ಹೆಸರು ಮೊಮ್ಮಗನಿಗೆ! ಲಕ್ಷದ್ವೀಪದ ಕವರತ್ತಿಯ ಕಥೆ ಇನ್ನೂ ಸೊಗಸು. ಕವರತ್ತಿ ಒಂದು ದ್ವೀಪ, ಕೊಚ್ಚಿಯಿಂದ ಜನರನ್ನು ಹೊತ್ತು ದ್ವೀಪಗಳಿಗೆ ಹೋಗುವ ಹಡಗೂ ಕವರತ್ತಿ, 2020ರಲ್ಲಿ ನೌಕಾಪಡೆ ಸೇರಿದ ಯುದ್ಧನೌಕೆಯೂ ಕವರತ್ತಿ. ಕವರತ್ತಿ ಹತ್ತಿ ಕವರತ್ತಿಗೆ ಹೋಗುವವರು ದಾರಿಯಲ್ಲಿ ಕವರತ್ತಿಯನ್ನು ಕಂಡರೂ ಯಾರೂ ದಾರಿ ತಪ್ಪಿದ ಸುದ್ದಿಯಿಲ್ಲ.

ರೈಲಿನವರು ಮಾತ್ರ ಸ್ವಲ್ಪ ತಮಾಷೆ ಮಾಡಿದ್ದಾರೆ. ದಾದರಿಗೂ ಮೈಸೂರಿಗೂ ನಡುವೆ ಓಡುವ ಗಾಡಿಯ ಹೆಸರು ಶರಾವತಿ ಎಕ್ಸ್‌ಪ್ರೆಸ್. ದಾರಿಯುದ್ದಕ್ಕೂ ಅದಕ್ಕೆ ಶರಾವತಿಯ ಒಂದು ಹನಿ ಕಾಣಿಸುವುದಿಲ್ಲ. ಮುಂಬಯಿಯಿಂದ ತಿರುವನಂತಪುರಕ್ಕೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ಸಿಗೆ ಹೊನ್ನಾವರದಲ್ಲಿ ಎರಡು ಕಿಲೋಮೀಟರಿನಷ್ಟು ಶರಾವತಿಯ ದರ್ಶನ. ನಮ್ಮ ಬೀದಿಯಲ್ಲಿ ತುಂಗಾ, ಭದ್ರಾ ಎಂಬ ಅವಳಿ ಹೆಣ್ಣುಮಕ್ಕಳಿದ್ದರು. ತುಂಗಾ ಮದುವೆಯಾಗಿ ಹೋದದ್ದು ಭದ್ರಾವತಿಗೆ. ಯಾರೂ ತಡೆಯಲಿಲ್ಲ.

ಮಹನೀಯರ ಹೆಸರಿಡಿ ಎನ್ನುತ್ತೀರಿ. ಇಟ್ಟು ನೋಡಿದ್ದೇವೆ, ಸ್ವಾಮಿ. ಭದ್ರಾ ದಂಡೆಯ ಎಡೇಹಳ್ಳಿಗೆ ಯುವರಾಜರ ಗೌರವಾರ್ಥ ನರಸಿಂಹರಾಜಪುರ ಎಂದು ಹೆಸರಾಯಿತು. ಇಂದು ಬಸ್ಸಿನ ಹಲಗೆಯ ಮೇಲೆ ಉಳಿದಿರುವುದು ಎನ್.ಆರ್.ಪುರ. ಎಡೇಹಳ್ಳಿಗೆ ಒಂದು ಮುಖವಿತ್ತು, ಎನ್.ಆರ್.ಗೆ ಎರಡು ಚುಕ್ಕಿ. ಕಾವೇರಿ ಎಡಕ್ಕೆ ಹೊರಳುವುದನ್ನು ಹೆಸರಲ್ಲೇ ಹಿಡಿದಿದ್ದ ಎಡತೊರೆ ಕೃಷ್ಣರಾಜನಗರವಾಯಿತು, ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು, ಈಗ ಕೆ.ಆರ್.ನಗರ, ಕೆ.ಆರ್.ಪೇಟೆ, ಕೆ.ಆರ್.ಪುರ ಎಂದು ಜನ ತಡವರಿಸುತ್ತಾರೆ. ಬೇರೆ ಬೇರೆಯಾಗಿದ್ದ ಹೆಸರುಗಳನ್ನು ತೆಗೆದು ಒಂದೇ ತರಹದವನ್ನು ಹುಟ್ಟಿಸಿದ್ದು ಮಹನೀಯರ ಅಭಿಮಾನಿಗಳೇ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರು ತಿದ್ದಿದಾಗ ನಮ್ಮ ಶಿವಮೊಗ್ಗಕ್ಕೆ ಇಂಗ್ಲಿಷಿನಲ್ಲಿಯೂ ಅದರ ಕನ್ನಡದ ಹೆಸರು ಸಿಕ್ಕಿತು, ನಾನೂ ಪೇಡ ಹಂಚಿದೆ. ಅದೇ ದಿನ ಬಿಜಾಪುರ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಅದಾಗಲೇ ಒಂದು ವಿಜಯಪುರವಿತ್ತು! ನೀವು ಯಾವ ಸರ್ಕಾರದಿಂದ ಒಂದು ಹೆಸರಿಗೆ ಒಂದೇ ಊರು ಎಂಬ ಕಾನೂನು ಬೇಡುತ್ತೀರೋ ಆ ಸರ್ಕಾರವೇ ಕೂಡಿಸಿದ ಜೋಡಿ ಇದು.

ಜನರು ಇದನ್ನು ಎಷ್ಟು ಹಗುರವಾಗಿ ಬಗೆಹರಿಸಿಕೊಂಡಿದ್ದಾರೆ ನೋಡಿ. ನರಸೀಪುರಗಳು ಹೆಚ್ಚಾದವೇ? ಹೇಮಾವತಿಯ ದಂಡೆಯದು ಹೊಳೆನರಸೀಪುರ, ಕಾವೇರಿ ಕಪಿಲೆ ಕೂಡುವಲ್ಲಿಯದು ತಿರುಮಕೂಡಲು ನರಸೀಪುರ. ಭದ್ರಾ ದಂಡೆಯ ಹೊನ್ನೂರು ಹೊಳೆಹೊನ್ನೂರು. ಹೊಳೆಯೇ ಬಂದು ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು? ನಿಮ್ಮ ಸಾಗರವನ್ನೇ ನೋಡಿ. ಇಂಗ್ಲಿಷಿನಲ್ಲಿ ಬರೆದರೆ ಮಧ್ಯಪ್ರದೇಶದ್ದೂ ಅದೇ, ಶಹಾಪುರ ತಾಲ್ಲೂಕಿನ ಸಗರವೂ ಅದೇ. ರೈಲ್ವೆಯವರು ಪಕ್ಕದ ಜಂಬಗಾರನ್ನು ಕರೆದು ಜೊತೆಗೆ ಕೂರಿಸಿ ಸಾಗರ ಜಂಬಗಾರು ಎಂದರು. ಯಾರ ಹೆಸರನ್ನೂ ಕೀಳಲಿಲ್ಲ. ರೈಲ್ವೆಯನ್ನು ನಾನು ಹೊಗಳುವುದು ಅಪರೂಪ, ಬರೆದಿಟ್ಟುಕೊಳ್ಳಿ.

ಅಂಚೆಯವರದೂ ಅದೇ ಜಾಣತನ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡಿನ ಹಿಂದಿದ್ದ ಕಾರಣಗಳಲ್ಲಿ ಒಂದು, ದೇಶದ ತುಂಬ ಒಂದೇ ಹೆಸರಿನ ಊರುಗಳಿವೆ ಎಂಬುದೇ. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅಧಿಕಾರಿಯಷ್ಟೇ ಅಲ್ಲ, ಸಂಸ್ಕೃತದ ಕವಿ. ಕವಿಯಾದ್ದರಿಂದಲೇ ಊರುಗಳ ಹೆಸರಿಗೆ ಕೈಹಾಕದೆ ಪಕ್ಕದಲ್ಲಿ ಆರು ಅಂಕಿ ಇಟ್ಟು ಸುಮ್ಮನಾದರು ಎಂದು ನನ್ನ ನಂಬಿಕೆ. ಶಿವಮೊಗ್ಗ 577201, ಸಾಗರ 577401. ಲಕೋಟೆಯ ಮೇಲೆ ಅದನ್ನು ಬರೆಯಲು ಬೇಸರಪಡುವವರು ಊರಿನ ಹೆಸರು ಬದಲಿಸಲು ಮಾತ್ರ ಉಪವಾಸ ಕೂರಲು ಸಿದ್ಧ. (ನಿಮ್ಮ ಲಕೋಟೆಯ ಮೇಲೂ ಪಿನ್‌ಕೋಡ್ ಇರಲಿಲ್ಲ.)

ನನ್ನ ಮದುವೆಯ ಕಾಲದ ಒಂದು ಸಂಗತಿ. ಕರೆಯೋಲೆಗಳಲ್ಲಿ ಒಂದನ್ನು ಅಪ್ಪ ತಮ್ಮ ಹಳೆಯ ಸ್ನೇಹಿತರಿಗೆ ಕಳಿಸಿದ್ದರು. ಊರಿನ ಹೆಸರು ಬರೆದರು, ತಾಲ್ಲೂಕು ಮರೆತರು. ಓಲೆ ತೀರ್ಥಹಳ್ಳಿಯ ಕಡೆಯ ಅದೇ ಹೆಸರಿನ ಊರಿಗೆ ಹೋಯಿತು. ಅಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದರು. ಮುಹೂರ್ತದ ದಿನ ಗಂಡಹೆಂಡತಿ ಒಂದು ಬಾಳೆಗೊನೆ ಹೊತ್ತು ಬಸ್ಸಿಳಿದರು. ಇವರು ಯಾರೆಂದು ನಮಗೆ ತಿಳಿಯದು, ನಾವು ಯಾರೆಂದು ಅವರಿಗೂ ತಿಳಿಯದು. ಹೆಸರು ಹಾಕಿ ಕರೆದಿದ್ದೀರಿ, ಬಾರದೆ ಇರುವುದು ಹೇಗೆ ಎಂದರು. ಊಟಕ್ಕೆ ಕೂತಾಗ ಅಪ್ಪ ತಾವೇ ಹೋಳಿಗೆ ಬಡಿಸಿದರು. ನನ್ನ ಮಗಳ ನಾಮಕರಣಕ್ಕೂ ಆ ದಂಪತಿ ಬಂದರು, ಅವರ ಮಗನ ಗೃಹಪ್ರವೇಶಕ್ಕೆ ನಾವು ಹೋದೆವು. ಓಲೆ ತಲುಪದ ಹಳೆಯ ಸ್ನೇಹಿತರು ಎರಡು ವರ್ಷ ಅಪ್ಪನ ಜೊತೆ ಮಾತು ಬಿಟ್ಟಿದ್ದರು ಎಂಬುದನ್ನೂ ಹೇಳಬೇಕು, ಇಲ್ಲವಾದರೆ ನೀವು ನನ್ನನ್ನು ಹಿಡಿಯುತ್ತೀರಿ.

ನಿಜವಾದ ಕೇಡು ಬೇರೆ ಕಡೆ ಇದೆ. ಮಕ್ಕಿ ಎಂದರೆ ಮಳೆಯನ್ನೇ ನೆಚ್ಚಿದ ಎತ್ತರದ ಗದ್ದೆ, ಬೈಲು ಎಂದರೆ ತಗ್ಗಿನ ಗದ್ದೆ, ಕೊಪ್ಪ ಎಂದರೆ ನಾಲ್ಕು ಮನೆಯ ಊರು. ಹಸಿರುಮಕ್ಕಿ ಎಂದರೆ ಸಾಕು, ನೆಲದ ಬಣ್ಣವೂ ಎತ್ತರವೂ ಒಟ್ಟಿಗೆ ಬರುತ್ತವೆ. ಇಂಥ ಹೆಸರಿನ ಊರಿನ ನೆತ್ತಿಯ ಮೇಲೆ ಇಂದು ಹೋಂಸ್ಟೇ ಎದ್ದು ಅದಕ್ಕೊಂದು ಇಂಗ್ಲಿಷ್ ಮಂಜು, ಇಂಗ್ಲಿಷ್ ಕಣಿವೆ, ಇಂಗ್ಲಿಷ್ ನೆಮ್ಮದಿ ಬಂದು ಕೂರುತ್ತದೆ. ಶಿವಮೊಗ್ಗದ ಸುತ್ತ ಗದ್ದೆ ಮುಚ್ಚಿ ಮಾಡಿದ ಬಡಾವಣೆಗಳ ಕಮಾನುಗಳನ್ನು ಓದಿಕೊಂಡು ಹೋಗಿ. ಅಲ್ಲಿ ಗದ್ದೆಗೆ ಇದ್ದ ಹೆಸರು ಒಂದಾದರೂ ಸಿಕ್ಕಿದರೆ ನಿಮಗೆ ಕಾಫಿ ಕೊಡಿಸುತ್ತೇನೆ. ಮದುವೆಯ ಹಾಲ್‌ಗಳು, ಔಷಧಿ ಅಂಗಡಿಗಳು, ಮಕ್ಕಳ ಶಾಲೆಗಳು, ಎಲ್ಲಕ್ಕೂ ಅದೇ ರೋಗ. ಹಲಗೆ ಬರೆಯುವ ಹುಡುಗ ಮೊನ್ನೆ ನನ್ನನ್ನು ಕೇಳಿದ, ಹಿಲ್ ವ್ಯೂ ಎಂಬುದಕ್ಕೆ ಕನ್ನಡದಲ್ಲಿ ಎಷ್ಟು ಸೊನ್ನೆ ಎಂದು. ಅವನ ತಪ್ಪಿಲ್ಲ.

ಬಿದಿರಿನಿಂದ ಬಿದರೂರು, ಅದೇ ಬಿದನೂರು, ಸಂಸ್ಕೃತದವರ ವೇಣುಪುರ, 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರನಗರ, ಕೊನೆಗೆ ಬರಿಯ ನಗರ. ಆ ನಗರದ ನೆನಪಿನಲ್ಲಿ ಕಲ್ಲೂರುಕಟ್ಟೆ ಹೊಸನಗರವಾಯಿತು. ಕಲ್ಲೂರುಕಟ್ಟೆ ಎಂಬ ಹೆಸರನ್ನು ಈಗ ಒಮ್ಮೆ ಬಾಯಿಬಿಟ್ಟು ಹೇಳಿನೋಡಿ. ಆಮೇಲೆ ನಿಮ್ಮ ಕಾನೂನಿನ ಬಗ್ಗೆ ಇನ್ನೊಂದು ಪತ್ರ ಬರೆಯಿರಿ. ನಿಮ್ಮಂತೆ ಕೈಬರಹದಲ್ಲಿ ಎರಡು ಪುಟ ಬರೆಯುವ ಓದುಗರು ನಮಗೆ ಈಗ ತಿಂಗಳಿಗೆ ಮೂವರು ಸಿಕ್ಕಿದರೆ ಹೆಚ್ಚು.

ಬರೆಯುವಾಗ ಹೋಬಳಿಯನ್ನೂ ಮನೆಯ ಹೆಸರನ್ನೂ ಸೇರಿಸಿ. ನಮ್ಮ ಚಂದಾದಾರರ ಪಟ್ಟಿಯಲ್ಲಿ ನಿಮ್ಮದೇ ಊರು, ನಿಮ್ಮದೇ ಹೆಸರಿನವರು ಇಬ್ಬರಿದ್ದಾರೆ. ಒಬ್ಬರ ಚಂದಾ ಮಾರ್ಚ್‌ಗೆ ಮುಗಿದಿದೆ. ಅದು ನೀವೋ ಅವರೋ ದಯವಿಟ್ಟು ತಿಳಿಸಿ.